ಮತ್ತು ಇತರರಲ್ಲಿ ಒಬ್ಬರು

ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಕೀವು, ರಕ್ತ, ವಾಂತಿ ಯಾವುದೂ ಹೇಸಿಗೆಯಲ್ಲ. ಬೆಡ್‌ಪ್ಯಾನ್ ತೊಳೆದ ಕೈಗೆ ಸೋಪು ಹಚ್ಚಿ ಉಜ್ಜಿಕೊಂಡು ಸೀದಾ ಊಟಕ್ಕೆ ಕೂತವಳು ನಾನು. ಆದರೆ ಕಳೆದ ವಾರ ದುಬೈಯ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಶ್ರದ್ಧಾಂಜಲಿಯ ಪೋಸ್ಟರ್ ನೋಡಿ ನನಗೆ ನಿಜವಾಗಿಯೂ ಹೇಸಿಗೆಯಾಯಿತು.

ನಮ್ಮ ನಾಟಕಗಳ ಹಳೆಯ ನಟರೊಬ್ಬರು ಊರಿನಲ್ಲಿ, ಕಾರ್ಕಳದ ಹತ್ತಿರ, ಹಾರ್ಟ್ ಅಟ್ಯಾಕಿನಲ್ಲಿ ಹೋದರಂತೆ. ‘ಸಂಘದ ಹಿರಿಯ ಕಲಾವಿದರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಮೇಲೆ ದೊಡ್ಡ ಅಕ್ಷರ. ಅವರೊಬ್ಬರದೇ ಇರುವ ಫೋಟೋ ಸಂಘದವರ ಬಳಿ ಒಂದೂ ಇರಲಿಲ್ಲ. ಯಾವುದೋ ಗುಂಪು ಫೋಟೋದಿಂದ ಕತ್ತರಿಸಿ ತೆಗೆದಿದ್ದಾರೆ. ಹೆಗಲ ಮೇಲೆ ಇನ್ನಾರದೋ ಕೈ, ಚಿನ್ನದ ವಾಚಿನ ಸಮೇತ, ಹಾಗೆಯೇ ಉಳಿದುಕೊಂಡಿದೆ. ಅದರ ಕೆಳಗೆ, ದೇವರೇ, ಪ್ರಾಯೋಜಕರ ಲೋಗೋಗಳು! ಒಂದು ಕಾರ್ಗೋ ಕಂಪನಿ, ಒಂದು ಡೆಂಟಲ್ ಕ್ಲಿನಿಕ್, ಒಂದು ಬಿರಿಯಾನಿ ಹೋಟೆಲ್. ಸತ್ತವರಿಗೂ ಸ್ಪಾನ್ಸರ್. ಥೂ!

ಪೋಸ್ಟರಿನ ಕೆಳಗೆ ಕೈಮುಗಿದ ಚಿತ್ರಗಳ ಮೆರವಣಿಗೆ. ನಮ್ಮ ಅಧ್ಯಕ್ಷರಂತೂ ಉದ್ದಕ್ಕೆ ಬರೆದಿದ್ದರು. ಬದುಕಿದ್ದಾಗಲೇ ಅವರನ್ನು ತುಂಬಿದ ಸಭೆಯಲ್ಲಿ ಸನ್ಮಾನಿಸಿದ ತೃಪ್ತಿ ನಮ್ಮ ಸಂಘಕ್ಕೆ ಇದೆ ಎಂದು. ಆ ಸನ್ಮಾನವನ್ನು ನಾನು ಸೈಡ್‌ವಿಂಗಿನಲ್ಲಿ ಕೂತು ಕಣ್ಣಾರೆ ನೋಡಿದವಳು. ಅದನ್ನು ಬರೆಯದೆ ಬಿಟ್ಟರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಅವರ ಹೆಸರು ನಾನು ಬರೆಯುವುದಿಲ್ಲ. ನಮ್ಮ ನಾಟಕದ ಕರಪತ್ರದಲ್ಲಿ ಬಾರದ ಹೆಸರು ಇಲ್ಲಿ ಬಂದು ಆಗಬೇಕಾದದ್ದೇನೂ ಇಲ್ಲ. ನಾಯಕ ಇಂಥವರು, ನಾಯಕಿ ಇಂಥವರು, ಖಳನಾಯಕ ಇಂಥವರು, ಮತ್ತು ಇತರರು. ಆ ಇತರರಲ್ಲಿ ಅವರು ಒಬ್ಬರು. ಪೋಸ್ಟ್‌ಮ್ಯಾನ್, ಪುರೋಹಿತ, ಕಾನ್‌ಸ್ಟೇಬಲ್, ‘ಸಾರಿ, ನಮ್ಮ ಪ್ರಯತ್ನ ನಾವು ಮಾಡಿದೆವು’ ಎನ್ನುವ ಡಾಕ್ಟರು, ಚಾ ತಂದಿಟ್ಟು ಒಳಗೆ ಹೋಗುವ ಆಳು. ವರ್ಷಕ್ಕೊಂದು ನಾಟಕ, ನಾಟಕಕ್ಕೊಂದು ಇಂಥ ಪಾತ್ರ. ನಾಯಕನ ಪಾತ್ರ ಯಾರಿಗೆ ಎಂಬುದು ನಮ್ಮಲ್ಲಿ ರಿಹರ್ಸಲಿನಲ್ಲಿ ನಿರ್ಧಾರವಾಗುವುದಲ್ಲ. ಹಾಲ್ ಯಾರು ಬುಕ್ ಮಾಡಿಸಿಕೊಟ್ಟರು ಎಂಬುದರ ಮೇಲೆ. ನಾನು ಪ್ರಾಂಪ್ಟರ್. ಪುಸ್ತಕ ಹಿಡಿದು ಪರದೆಯ ಸಂದಿಯಲ್ಲಿ ಕೂತು, ಮಾತು ಕಲಿಯದೆ ಬಂದ ನಾಯಕರಿಗೆ ಇಡೀ ನಾಟಕ ಪಿಸುಗುಟ್ಟುವವಳು. ಇತರರಿಗೆ ಪ್ರಾಂಪ್ಟ್ ಬೇಕಾಗುತ್ತಿರಲಿಲ್ಲ.

ರಾಸ್ ಅಲ್ ಖೋರಿನಲ್ಲಿ ಹಳೆ ಕಾರುಗಳ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರ ಕೌಂಟರಿನಲ್ಲಿ ಅವರ ಕೆಲಸ. ಅಂಗಡಿಯ ಧಣಿಗಳು ಭಟ್ಕಳದ ಸಾಹೇಬರು. ವಾಸ ಇಂಟರ್‌ನ್ಯಾಷನಲ್ ಸಿಟಿಯ ಒಂದು ಶೇರಿಂಗ್ ರೂಮಿನಲ್ಲಿ. ಶನಿವಾರ ಊದ್ ಮೇಥಾದಲ್ಲಿ ರಿಹರ್ಸಲ್. ಬಸ್ಸು ಬದಲಿಸಿಕೊಂಡು, ಉಗುರಿನ ಸಂದಿಯಲ್ಲಿ ಗ್ರೀಸು ಇಟ್ಟುಕೊಂಡೇ ಬರುತ್ತಿದ್ದರು. ತಲೆಗೆ ಮಾತ್ರ ತಪ್ಪದೆ ಡೈ. ಪ್ರಾಯ ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಯಾರಾದರೂ ಚೂಯಿಂಗ್ ಗಮ್ ಜಗಿಯುತ್ತಾ ಡೈಲಾಗ್ ಹೇಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. “ಬಾಯಲ್ಲಿ ರಬ್ಬರ್ ಇಟ್ಕೊಂಡು ಕಣ್ಣೀರು ಹಾಕ್ತಾರೆ, ಇವರ ತಲೆ!” ಎಂದು ಗೊಣಗುತ್ತಾ ಹೊರಗೆ ಹೋಗಿಬಿಡುತ್ತಿದ್ದರು.

ಈ ಮನುಷ್ಯನಿಗೆ ಒಂದು ಹುಚ್ಚಿತ್ತು. ಹಳೆಯ ಹಾಲಿವುಡ್ ಸಿನಿಮಾ. ಅದೂ ಕಪ್ಪು ಬಿಳುಪಿನದು, ಅದರಲ್ಲೂ ನಾಯಕ ನಾಯಕಿಯರನ್ನು ಬಿಟ್ಟು ಉಳಿದವರು. ಗಲ್ಫಿಗೆ ಬಂದ ಹೊಸತರಲ್ಲಿ ಅವರು ದೇರಾದ ಒಂದು ವಿಡಿಯೋ ಕ್ಯಾಸೆಟ್ ಅಂಗಡಿಯಲ್ಲಿದ್ದರಂತೆ. ಹಿಂದಿ, ಮಲಯಾಳಂ ಕ್ಯಾಸೆಟ್ಟುಗಳಿಗೆ ಕ್ಯೂ. ಈ ಕಪ್ಪು ಬಿಳುಪಿನ ಇಂಗ್ಲಿಷ್ ಪೆಟ್ಟಿಗೆಯನ್ನು ಕೇಳುವ ನಾಯಿಯೂ ಇರಲಿಲ್ಲ. ಧೂಳು ತಿನ್ನುವುದೇಕೆ ಎಂದು ಇವರು ಒಂದೊಂದನ್ನೇ ಹಾಕಿ ನೋಡಿದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾತು ಅರ್ಥವಾಗದಿದ್ದ ಕಾರಣ ಮುಖ ನೋಡಿದರು. ನಾಯಕನ ಮುಖದಲ್ಲಿ ಬೇಗ ಬೇಸರ ಬಂತು, ಬಾಗಿಲು ತೆಗೆಯುವವನ ಮುಖದಲ್ಲಿ ಬರಲಿಲ್ಲ.

ನನ್ನ ಕಾರಿನಲ್ಲಿ ಬಸ್‌ಸ್ಟಾಪಿನ ತನಕ ಬರುವಾಗೆಲ್ಲ ಅದೇ ಮಾತು. ಯಾವುದಾದರೂ ಸಿನಿಮಾ ನೋಡಿ ಚೆನ್ನಾಗಿತ್ತು ಎಂದೆನೋ, ಮುಗಿಯಿತು.

“ನೀವು ಹೀರೋನನ್ನೇ ನೋಡಿದ್ರಾ ಸಿಸ್ಟ್ರೇ? ಅವ ಹೇಗೂ ಕಾಣ್ತಾನೆ. ಹೋಟೆಲಿನ ಕೌಂಟರಲ್ಲಿ ಕೀ ಕೊಡುವವ ಇದ್ದಾನಲ್ಲ, ಅವನನ್ನು ನೋಡ್ಬೇಕು. ಹೀರೋ ಸುಳ್ಳು ಹೆಸರು ಬರೀತಾನೆ ಅಂತ ಅವನಿಗೆ ಗೊತ್ತುಂಟು. ಬಾಯಲ್ಲಿ ಹೇಳುದಿಲ್ಲ. ಕೀ ಕೊಡುವಾಗ ಒಂಚೂರು ತಡ ಮಾಡ್ತಾನೆ. ಅಷ್ಟೇ.”

ಅವರ ಆರಾಧ್ಯದೈವ ಒಬ್ಬನಿದ್ದ. ಹೆಸರು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲವು ಸಿನಿಮಾಗಳಲ್ಲಿ ಹೆಸರನ್ನೇ ಹಾಕಿರಲಿಲ್ಲವಂತೆ. ‘ಜೋಲುಗಲ್ಲದವ’ ಎನ್ನುತ್ತಿದ್ದರು. ಆ ಜೋಲುಗಲ್ಲದವನ ಇಡೀ ನಟನಾ ಜೀವನ ಇವರಿಗೆ ಬಾಯಿಪಾಠ. ಮೊದಲು ಲಿಫ್ಟಿನವ, ಬೆನ್ನು ಮಾತ್ರ ಕಾಣುತ್ತದೆ. ಆಮೇಲೆ ಹೋಟೆಲ್ ಗುಮಾಸ್ತ, ಬಾರಿನವ, ಬಟ್ಲರ್, ಪಾದ್ರಿ, ಜಡ್ಜ್, ಹೆಣದ ಪೆಟ್ಟಿಗೆ ಮಾರುವವ. ಅವರೆಲ್ಲ ಸ್ಟುಡಿಯೋದ ಸಂಬಳದ ನೌಕರರಾಗಿದ್ದರಂತೆ. ಇಂದು ಇಂಥ ಪಾತ್ರ ಎಂದರೆ ಮಾಡಬೇಕು, ಬೇರೆ ಸ್ಟುಡಿಯೋಗೆ ತಮ್ಮಷ್ಟಕ್ಕೆ ಹೋಗುವ ಹಾಗಿಲ್ಲ. ಬೇಕಾದರೆ ಸ್ಟುಡಿಯೋದವನೇ ಇನ್ನೊಬ್ಬನಿಗೆ ಎರವಲು ಕೊಡಬಹುದು.

“ಅವರಿಗೂ ಕಫೀಲ್ ಇದ್ದ ಸಿಸ್ಟ್ರೇ,” ಎಂದು ನಗುತ್ತಿದ್ದರು. ವೀಸಾ ಕೊಟ್ಟ ಧಣಿಗೆ ಇಲ್ಲಿ ನಾವೆಲ್ಲ ಹೇಳುವ ಹೆಸರು ಅದು. “ಅಷ್ಟು ದೊಡ್ಡ ಅಮೆರಿಕದಲ್ಲಿ! ನನಗೆ ಅದು ಗೊತ್ತಾದ ದಿನ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ?”

ಜೋಲುಗಲ್ಲದವನ ಕೊನೆಯ ಚಿತ್ರದ ಕತೆಯನ್ನು ನನಗೆ ಎಷ್ಟೋ ಸಲ ಹೇಳಿದ್ದರು. ಅದರಲ್ಲಿ ಅವನು ದೊಡ್ಡ ಬಂಗಲೆಯ ಕಾವಲುಗಾರ. ನಾಯಕ ಬಂದಾಗ ಎದ್ದು ನಿಲ್ಲುವುದಿಲ್ಲ, ಸ್ಟೂಲಿನ ಮೇಲೆ ಕೂತೇ ಇರುತ್ತಾನೆ. ನಾಯಕನೇ ಹೆಗಲು ಮುಟ್ಟಿ ಕೂತಿರು ಕೂತಿರು ಎಂಬಂತೆ ಒತ್ತಿ ಒಳಗೆ ಹೋಗುತ್ತಾನೆ. “ಕಾಲು ಹೋಗಿತ್ತು ಅವನದ್ದು. ನಿಲ್ಲಲಿಕ್ಕೆ ಆಗ್ತಿರ್ಲಿಲ್ಲ. ಆದ್ರೂ ಕರೆದು, ಸ್ಟೂಲು ಕೊಟ್ಟು, ಪಾರ್ಟು ಕೊಟ್ಟಿದ್ದಾರೆ. ನಟನಿಗೆ ಅದು ಮರ್ಯಾದೆ. ಮತ್ತೆಲ್ಲ ಬರೀ ಬೊಗಳೆ.” ಕಾಲು ಹೋದದ್ದು ನಿಜವೋ, ಇವರೇ ಕಟ್ಟಿಕೊಂಡದ್ದೋ, ನನಗೆ ಗೊತ್ತಿಲ್ಲ. ನರ್ಸಿನ ಕಣ್ಣಿನಿಂದ ನಾನೂ ಒಮ್ಮೆ ಆ ದೃಶ್ಯ ನೋಡಿದೆ. ಮೊಣಕಾಲು ಊದಿದ ಹಾಗೆ ಕಂಡದ್ದು ಹೌದು.

ಇವರಿಗೂ ಒಮ್ಮೆ ಸಿನಿಮಾದ ಯೋಗ ಬಂತು. ಅಬುಧಾಬಿಯ ಮರುಭೂಮಿಯಲ್ಲಿ ಯಾವುದೋ ವಿದೇಶಿ ಚಿತ್ರದ ಶೂಟಿಂಗ್. ಏಜೆಂಟನೊಬ್ಬ ವ್ಯಾನಿನಲ್ಲಿ ಜನ ತುಂಬಿಸಿಕೊಂಡು ಹೋದ. ಸಂತೆಯಲ್ಲಿ ಬಾಂಬ್ ಸಿಡಿಯುವ ದೃಶ್ಯ. ಇವರು ಹೆಣ. ಬಿಸಿಲಿನಲ್ಲಿ ಮಲಗುವ ಮೊದಲು ಸಹಾಯಕ ನಿರ್ದೇಶಕನ ಹತ್ತಿರ ಹೋಗಿ, ನಾನು ಬಾಂಬಿನಿಂದ ಸತ್ತದ್ದೋ ಗುಂಡಿನಿಂದಲೋ ಎಂದು ಕೇಳಿದರಂತೆ. ಅವನು ಕೂಡಲೇ ಇವರನ್ನು ತೋರಿಸಿ ಎಲ್ಲರಿಗೂ ಹೇಳಿ ನಕ್ಕ. ನಮ್ಮ ಸಂಘದಲ್ಲಿ ಇದು ದೊಡ್ಡ ತಮಾಷೆಯ ವಿಷಯವಾಯಿತು. “ಹೆಣಕ್ಕೂ ಆ್ಯಕ್ಟಿಂಗ್ ಕ್ಲಾಸಾ ಮಾರಾಯ್ರೆ?” ಎಂದು ಅಧ್ಯಕ್ಷರು ಪಾರ್ಟಿಗಳಲ್ಲಿ ಹೇಳಿ ಹೇಳಿ ನಗಿಸುತ್ತಿದ್ದರು. ಇವರೂ ಹಲ್ಲು ಬಿಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಮೆಲ್ಲ ಹೇಳಿದರು: “ಬಾಂಬಿಗೆ ಸತ್ತವ ಎಲ್ಲೋ ಬೀಳ್ತಾನೆ, ಗುಂಡಿಗೆ ಸತ್ತವ ನಿಂತಲ್ಲೇ ಬೀಳ್ತಾನೆ. ಕೇಳದೆ ಹೇಗೆ ಮಲಗುದು?”

ಹೀಗಿರುವಾಗ ಅವರ ಅಂಗಡಿ ಮುಚ್ಚುವ ಸುದ್ದಿ ಬಂತು. ಸಾಹೇಬರ ಮಕ್ಕಳಿಗೆ ಹಳೆ ಕಬ್ಬಿಣದ ವ್ಯಾಪಾರ ಬೇಡವಾಗಿತ್ತು. ಈ ಪ್ರಾಯದಲ್ಲಿ ಇನ್ನೊಬ್ಬರು ವೀಸಾ ಕೊಡುವುದಿಲ್ಲ. ಖಲಾಸ್, ಊರಿಗೆ ಹೊರಡುವುದು. ಹೊರಡುವ ಮೊದಲು ಅವರು ಒಂದು ಕೆಲಸ ಮಾಡಿದರು. ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡರು. ಮದುವೆಯಾದಂದಿನಿಂದ ಆ ಹೆಂಗಸು ದುಬೈ ನೋಡಿರಲಿಲ್ಲ, ಗಂಡ ರಂಗದ ಮೇಲೆ ನಿಂತದ್ದನ್ನೂ ನೋಡಿರಲಿಲ್ಲ. “ಅಲ್ಲಿ ಎಂತದೋ ನಾಟಕದಲ್ಲಿ ಚಾ ತಂದುಕೊಡ್ತಾರಂತೆ ನಿಮ್ಮ ಯಜಮಾನ್ರು” ಎಂದು ರಜೆಗೆ ಹೋದ ಯಾರೋ ಅವರಿಗೆ ಹೇಳಿದ್ದರಂತೆ. ಆ ಮಾತು ಇವರಿಗೆ ಚುಚ್ಚಿತ್ತು. ಚಾ ತಂದುಕೊಟ್ಟದ್ದು ಸುಳ್ಳಲ್ಲ ಎಂಬುದೇ ಹೆಚ್ಚು ಚುಚ್ಚಿದ್ದು.

ಆ ವರ್ಷದ ನಾಟಕದಲ್ಲಿ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಹೋಗುವವರು, ಇರಲಿ, ಎಂದು ವಕೀಲರ ಮುದಿ ಗುಮಾಸ್ತನ ಪಾತ್ರ ಕೊಟ್ಟರು. ಕತೆ ಇಷ್ಟೆ: ಚಿಕ್ಕಪ್ಪ ಸುಳ್ಳು ಕಳ್ಳತನ ಹೊರಿಸಿ ನಾಯಕನನ್ನು ಮನೆಯಿಂದ ಓಡಿಸುತ್ತಾನೆ. ಕೊನೆಯ ಮದುವೆ ದೃಶ್ಯಕ್ಕೆ ಮುಂಚೆ, ಈ ಗುಮಾಸ್ತ ಮೊದಲ ಬಾರಿಗೆ ಬಂದು, ಆ ಸುಳ್ಳು ದೂರು ಬರೆದವನು ತಾನೇ, ನಡೆದದ್ದೆಲ್ಲ ತನಗೆ ಗೊತ್ತಿತ್ತು ಎಂದು ಬಾಯಿ ಬಿಡುತ್ತಾನೆ. ಒಂದೇ ದೃಶ್ಯ, ಆದರೆ ಉಸಿರು ಬಿಗಿಹಿಡಿದು ಕೇಳಬೇಕಾದ ಉದ್ದ ಮಾತು. ಅಷ್ಟು ಉದ್ದದ ಮಾತು ಅವರಿಗೆ ಅದುವರೆಗೆ ಸಿಕ್ಕಿದ್ದೇ ಇಲ್ಲ.

ಅವರು ತಯಾರಾದ ರೀತಿ ನೋಡಬೇಕಿತ್ತು. ರಜೆಯ ದಿನಗಳಲ್ಲಿ ಒಂದು ಟೈಪಿಂಗ್ ಸೆಂಟರಿಗೆ ಹೋಗಿ, ವೀಸಾ ಅರ್ಜಿ ಟೈಪ್ ಮಾಡುವ ಮುದುಕನೊಬ್ಬನನ್ನು ನೋಡುತ್ತಾ ಬೆಂಚಿನಲ್ಲಿ ಕೂತಿರುತ್ತಿದ್ದರು. “ಅವ ಮಾತಾಡುವಾಗ ತಲೆ ಎತ್ತುದೇ ಇಲ್ಲ ಸಿಸ್ಟ್ರೇ. ಜೀವಮಾನವಿಡೀ ಬೇರೆಯವರ ಮಾತು ಬರೆದವ ಅಲ್ವಾ. ನನ್ನ ಗುಮಾಸ್ತನೂ ತಲೆ ತಗ್ಗಿಸಿಕೊಂಡೇ ಶುರು ಮಾಡ್ತಾನೆ. ಕೊನೆಯ ಮಾತಿಗೆ ಮಾತ್ರ ತಲೆ ಎತ್ತುದು.” ರಿಹರ್ಸಲಿನಲ್ಲಿ ‘ಬರೆದದ್ದು ನನ್ನ ಕೈ, ಬರೆಸಿದ್ದು ನಿಮ್ಮ ನಾಲಿಗೆ’ ಎಂದು ತಲೆ ಎತ್ತಿ ಚಿಕ್ಕಪ್ಪನನ್ನು ನೋಡಿದಾಗ, ಚಿಕ್ಕಪ್ಪನ ಪಾತ್ರದವರು ತಮ್ಮ ಮಾತು ಮರೆತು ನಿಂತರು. ನಾನು ಪುಸ್ತಕ ಕೆಳಗಿಟ್ಟು ಕೈ ತಟ್ಟಿದೆ. ಹೆಂಡತಿಗೆ ಮಾತ್ರ ಪಾತ್ರ ಯಾವುದೆಂದು ಹೇಳಿರಲಿಲ್ಲ. “ಮೊದಲೇ ಹೇಳಿದ್ರೆ ರುಚಿ ಹೋಗ್ತದೆ. ಬಂದು ನೋಡ್ಲಿ,” ಎಂದಿದ್ದರು.

ಇನ್ನು ನಮ್ಮ ಗಲ್ಫ್ ಕನ್ನಡಿಗರ ಒಂದು ಘನಂದಾರಿ ಪದ್ಧತಿಯನ್ನು ಹೇಳಬೇಕು. ನಾಟಕವನ್ನು ನಾವು ಮಧ್ಯದಲ್ಲಿ ನಿಲ್ಲಿಸಿ ಸಭಾ ಕಾರ್ಯಕ್ರಮ ಮಾಡುತ್ತೇವೆ. ಮೊದಲು ಮಾಡಿದರೆ ಜನ ಬಂದಿರುವುದಿಲ್ಲ, ಕೊನೆಗೆ ಮಾಡಿದರೆ ಜನ ಇರುವುದಿಲ್ಲ. ಆದ್ದರಿಂದ ನಾಯಕಿ ಅಳುತ್ತಿರುವಾಗಲೇ ಪರದೆ ಎಳೆದು, ಮೇಜು ಕುರ್ಚಿ ಹಾಕಿ, ಪ್ರಾಯೋಜಕರನ್ನು ಕೂರಿಸಿ ಶಾಲು ಹೊದಿಸುವುದು. ಕತೆ ಏನಾಯಿತೆಂದು ತಿಳಿಯಲು ಕೂತ ಜನ ಪಾಪ ಎಲ್ಲಿಗೆ ಹೋಗುತ್ತಾರೆ! ಇಷ್ಟು ಅಸಹ್ಯದ ಬುದ್ಧಿವಂತಿಕೆ ಬೇರೆ ಯಾರಿಗೂ ಹೊಳೆಯಲಿಕ್ಕಿಲ್ಲ.

ಆ ಭಾನುವಾರ ಮಧ್ಯಾಹ್ನವೂ ಹಾಗೇ. ಊದ್ ಮೇಥಾದ ಹಾಲ್, ಸಂಜೆಗೆ ಮಲಯಾಳಿಗಳ ಡ್ಯಾನ್ಸ್ ಕಾರ್ಯಕ್ರಮ ಬುಕ್ ಆಗಿದ್ದುದರಿಂದ ನಾವು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಬೇಕಿತ್ತು. ಪರದೆಯ ಸಂದಿಯಿಂದ ನೋಡಿದೆ: ಮೂರನೆಯ ಸಾಲಿನಲ್ಲಿ ಅವರ ಹೆಂಡತಿ, ಹೊಸ ಸೀರೆ, ತೊಡೆಯ ಮೇಲೆ ಕೈಚೀಲ. ಹಿಂದಿನ ಸಾಲಿನಲ್ಲಿ ಭಟ್ಕಳದ ಸಾಹೇಬರು. ಪರದೆಯ ಹಿಂದೆ ಇವರು ಕಪ್ಪು ಕೋಟು, ಕಚ್ಚೆ ಪಂಚೆ ಹಾಕಿಕೊಂಡು, ಯಾರ ಹತ್ತಿರವೂ ಮಾತಾಡದೆ ನನ್ನ ಪಕ್ಕದ ಡಬ್ಬದ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಸಭೆ ಶುರುವಾಯಿತು. ಒಬ್ಬೊಬ್ಬ ಪ್ರಾಯೋಜಕರಿಗೂ ಪರಿಚಯ, ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ. ಪೇಟ ಒಂದೇ. ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ. ಬೆವರು, ಎಣ್ಣೆ ಹತ್ತಿ ಅದರ ಅಂಚು ಕಪ್ಪಾಗಿತ್ತು. ಹಣ್ಣಿನ ಬುಟ್ಟಿಯೂ ಒಂದೇ. ಫೋಟೋ ಆದ ಕೂಡಲೇ ಹಿಂದಿನಿಂದ ಒಳಗೆ ಬಂದು, ಮತ್ತೆ ಮುಂದಿನಿಂದ ಹೊರಗೆ ಹೋಗುತ್ತಿತ್ತು. ಕಾರ್ಗೋದವರು ತಮ್ಮ ಬಾಲ್ಯದ ಬಡತನ ಹೇಳಿದರು. ಡೆಂಟಲ್‌ನವರು ಕನ್ನಡ ಉಳಿಸಬೇಕೆಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಗಡಿಯಾರ ನೋಡಿ ನೋಡಿ ಸಾಕಾದೆ.

ಆಗ ಅಧ್ಯಕ್ಷರು ಒಳಗೆ ಬಂದು ಇವರ ಕೈ ಹಿಡಿದರು. “ಬನ್ನಿ ಬನ್ನಿ, ನಿಮಗೂ ಒಂದು ಸನ್ಮಾನ. ಸರ್‌ಪ್ರೈಸ್!”

ಇವರು ಬೆಚ್ಚಿದರು. “ಈಗ ಬೇಡ. ವೇಷದಲ್ಲಿದ್ದೇನೆ. ಜನ ಈಗಲೇ ನೋಡಿದ್ರೆ ಗುಮಾಸ್ತ ಹಾಳಾಗ್ತಾನೆ. ನಾಟಕ ಮುಗಿದ ಮೇಲೆ ಮಾಡಿ.”

“ಎಂತ ಗುಮಾಸ್ತ ಮಾರಾಯ್ರೆ, ಯಲ್ಲಾ, ಬೇಗ ಬನ್ನಿ!” ಎಂದು ಎಳೆದುಕೊಂಡೇ ಹೋದರು. ಇವರನ್ನು ರಂಗಕ್ಕೆ ದಾಟಿಸಿ, ನನ್ನ ಬಳಿ ವಾಪಸು ಬಂದು ಮೆಲ್ಲಗೆ, “ಸಿಸ್ಟ್ರೇ, ಟೈಮ್ ಆಯ್ತು. ಗುಮಾಸ್ತನ ಸೀನ್ ಹಾರಿಸಿ, ಸೀದಾ ಮದುವೆಗೆ ಹೋಗುವ,” ಎಂದರು.

“ಏನು? ಅವರದ್ದು ಇರುವುದೇ ಅದೊಂದು ಸೀನ್! ಅವರ ಹೆಂಡತಿ ಬಂದು ಕೂತಿದ್ದಾರೆ!”

“ಹಾಗೆ ಅಂತಲೇ ಸನ್ಮಾನ ಇಟ್ಟದ್ದು. ಇದಕ್ಕಿಂತ ಮರ್ಯಾದೆ ಎಂತದು? ನೀವು ಪ್ರಾಂಪ್ಟ್ ಮಾಡಿ, ಸಾಕು.”

ನಟನೆಗೆ ಸನ್ಮಾನ ಮಾಡಲಿಕ್ಕೆ ಹೊತ್ತು ಸಾಲುವುದಿಲ್ಲವೆಂದು ನಟನೆಯನ್ನೇ ಕತ್ತರಿಸಿದ ಈ ಮಹಾನುಭಾವನ ತಲೆಗೆ ಏನು ಹೇಳುವುದು! ಹೊರಗೆ ಇವರನ್ನು ಕೂರಿಸಿದರು. ಆ ಹೊಲಸು ಪೇಟವನ್ನು ತಲೆಗೆ ಒತ್ತಿದರು. ಪ್ಲಾಸ್ಟಿಕ್ ವಾಸನೆಯ ಶಾಲು, ಅದೇ ಹಣ್ಣಿನ ಬುಟ್ಟಿ. ನಿರೂಪಕಿ ‘ನಮ್ಮ ಸಂಘದ ಆಸ್ತಿ’ ಎಂದು ಓದಿದಳು. ಇವರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಬೇಗ ಮುಗಿದರೆ ಸಾಕು ಎಂದು ರಂಗದ ಪಕ್ಕಕ್ಕೆ ನೋಡುತ್ತಿದ್ದರು. ಅಧ್ಯಕ್ಷರು ಇವರನ್ನು ಎಬ್ಬಿಸಿ ಮೈಕ್ ಕೊಡುತ್ತಾ ಕಿವಿಯ ಬಳಿ ಬಾಗಿ ಏನೋ ಹೇಳಿದರು. ಏನೆಂದು ನನಗೆ ಗೊತ್ತಿತ್ತು.

ಅವರ ಮುಖದಿಂದ ರಕ್ತ ಇಳಿದುಹೋದದ್ದು ಬಣ್ಣದ ಮೇಲಿನಿಂದಲೇ ಕಂಡಿತು. ಮೈಕ್ ಬಾಯಿಯ ಹತ್ತಿರ ಹೋಯಿತು. ಬಾಯಿ ತೆರೆಯಿತು. ಸ್ವರ ಹೊರಡಲಿಲ್ಲ. ಹಾಗೇ ಸಭೆಯನ್ನು ನೋಡುತ್ತಾ ನಿಂತರು. ಆಮೇಲೆ ಮೈಕ್ ತಗ್ಗಿಸಿ ಕೈ ಮುಗಿದರು. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ನಾನು ಮದುವೆ ದೃಶ್ಯದಲ್ಲಿ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ನಾಯಕ ನನ್ನ ಕಡೆ ನೋಡಿದ, ಕಣ್ಣಿನಲ್ಲಿ ಬೇಡಿಕೊಂಡ, ಕೊನೆಗೆ ಬಾಯಿಗೆ ಬಂದದ್ದು ಹೇಳಿ ತಾಳಿ ಕಟ್ಟಿದ. ಕಳ್ಳತನ ಹೊರಿಸಿ ಓಡಿಸಿದ ಚಿಕ್ಕಪ್ಪನೇ ಬಂದು ಅಕ್ಷತೆ ಹಾಕಿ ಆಶೀರ್ವಾದ ಮಾಡಿದ. ಹೇಗೆ, ಯಾಕೆ ಎಂದು ಆ ತುಂಬಿದ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಪರದೆ ಬೀಳುವ ಮೊದಲೇ ಎಲ್ಲರೂ ಬಿರಿಯಾನಿ ಪೊಟ್ಟಣಕ್ಕೆ ಎದ್ದರು. ಭಟ್ಕಳದ ಸಾಹೇಬರು ಮಾತ್ರ ನನ್ನ ಬಳಿ ಬಂದು, “ಅದು ವಕೀಲರ ಗುಮಾಸ್ತ ಬರ್ತಾನೆ, ಬರ್ತಾನೆ ಅಂತ ಹೇಳಿದ್ರಲ್ಲ, ಎಲ್ಲಿ ಹೋದ ಅವ?” ಎಂದು ಕೇಳಿದರು.

ಆ ಹೆಂಗಸಿಗೆ ಎಲ್ಲವನ್ನೂ ಹೇಳಿಯೇಬಿಡುತ್ತೇನೆ ಎಂದು ನಾನು ಮೂರನೆಯ ಸಾಲಿಗೆ ಇಳಿದು ಹೋದೆ. ನನಗಿಂತ ಮೊದಲೇ ಇವರು ಅಲ್ಲಿ ನಿಂತಿದ್ದರು. ಕೋಟು ಕೈಯಲ್ಲಿ, ಮುಖದ ಬಣ್ಣ ಅರ್ಧ ಒರೆಸಿದ್ದು ಅರ್ಧ ಉಳಿದದ್ದು. ಹೆಂಡತಿ ಗಾಬರಿಯಲ್ಲಿ ಕೇಳುತ್ತಿದ್ದರು.

“ನಿಮಗೆ ಎಂತ ಆದದ್ದು? ಅವರು ಕಿವಿಯಲ್ಲಿ ಎಂತದೋ ಹೇಳಿದ ಮೇಲೆ ಮುಖವೇ ಬಿಳಿಚಿಹೋಯ್ತು. ಬಾಯಿ ತೆಗೆದ್ರಿ, ಸ್ವರವೇ ಇಲ್ಲ! ನನ್ನ ಎದೆ ಹೊಡ್ಕೊಳ್ಳಿಕ್ಕೆ ಶುರುವಾಯ್ತು. ಊರಿಂದ ಏನಾದ್ರೂ ಸುದ್ದಿ ಬಂತಾ?”

ನಾನು ಬಾಯಿ ತೆರೆದೆ. ಇವರು ನನ್ನ ಕಡೆ ನೋಡದೆಯೇ ಕೈಯನ್ನು ಒಂದಿಷ್ಟು ಎತ್ತಿ ನನ್ನನ್ನು ತಡೆದರು.

“ಅದೇ ಮಾರಾಯ್ತಿ ನನ್ನ ಪಾರ್ಟು,” ಎಂದರು.

“ಅದಾ? ಆ ಶಾಲು ಹಾಕಿದ್ದು ನಾಟಕವಾ?”

“ಮತ್ತೆ? ವೇಷ ಹಾಕಿ ನಿಂತಿರ್ಲಿಲ್ವಾ ನಾನು? ಒಬ್ಬ ಮುದುಕ. ಎಲ್ಲ ಸೇರಿ ಅವನಿಗೆ ಶಾಲು ಹಾಕ್ತಾರೆ. ಅವನಿಗೆ ಹೇಳ್ಲಿಕ್ಕೆ ತುಂಬ ಉಂಟು, ಹೇಳ್ಲಿಕ್ಕೆ ಆಗುದಿಲ್ಲ. ಅಷ್ಟೇ ಪಾರ್ಟು.”

ಆ ಹೆಂಗಸು ಗಂಡನ ಮುಖವನ್ನೇ ನೋಡಿದರು. ಗಾಬರಿ ಇಳಿದು ಮೆಲ್ಲ ನಗು ಬಂತು. ಸೆರಗಿನ ತುದಿಯಿಂದ ಅವರ ಕಿವಿಯ ಹತ್ತಿರ ಉಳಿದ ಬಣ್ಣ ಒರೆಸುತ್ತಾ ಹೇಳಿದರು: “ನಾನು ನಿಜ ಅಂತಲೇ ಹೆದರಿದ್ದು. ಇಷ್ಟು ವರ್ಷ ಇಲ್ಲಿ ಇದನ್ನೇ ಮಾಡ್ಕೊಂಡಿದ್ದದ್ದಾ ನೀವು? ಎಷ್ಟು ಚಂದ ಮಾಡ್ತೀರಿ ಮಾರಾಯ್ರೆ!”